ಇದ್ರಲ್ಲಿ ಏನೇನೈತೆ ನೋಡ್ಬುಡಿ ಸಾ

ನಮ್ಮ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ನಗು ಬರುವುದಿಲ್ಲ. ಎದುರಿಗಿರುವವರ ಮುಖ ನೋಡಿದರೆ ನಗುವ ಧೈರ್ಯವೂ ಬರುವುದಿಲ್ಲ. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಕೂತಿರುತ್ತೇನಲ್ಲ, ಆಗ ಯಾವುದೋ ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಬರುತ್ತದೆ. ಪಕ್ಕದವರು ಈ ಮನುಷ್ಯನಿಗೆ ಏನೋ ಆಗಿದೆ ಅಂತ ಸರಿದು ಕೂರುತ್ತಾರೆ.

ಹಾಸನದ ಒಂದು ಸಣ್ಣ ಪರೀಕ್ಷಾ ಲ್ಯಾಬಿನಲ್ಲಿ ನನಗೆ ಕೆಲಸ. ಲ್ಯಾಬ್ ಅಂದರೆ ದೊಡ್ಡದೇನಲ್ಲ. ಎರಡು ಕೋಣೆ, ನಮ್ಮ ಮಾಲೀಕರು, ನಾನು, ನಾಲ್ಕು ಮಿಷನ್ನು. ಸ್ಪೆಕ್ಟ್ರೋಮೀಟರ್ ಅಂತ ಅವುಗಳ ಹೆಸರು. ಒಂದು ವಸ್ತುವಿನ ಮೇಲೆ ಕಿರಣ ಬಿಟ್ಟರೆ ಆ ವಸ್ತು ತಿರುಗಿ ತನ್ನದೇ ಒಂದು ಬಗೆಯ ಕಿರಣ ಹೊರಗೆ ಬಿಡುತ್ತದೆ. ತಾಮ್ರದ್ದು ಒಂದು ಥರ, ಬೆಳ್ಳಿಯದು ಒಂದು ಥರ, ಚಿನ್ನದ್ದು ಇನ್ನೊಂದು ಥರ. ಅದನ್ನು ಓದಿ, ಇದರಲ್ಲಿ ಇಂಥದ್ದು ಇಷ್ಟು ಪಾಲು ಇದೆ ಅಂತ ಮಿಷನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ. ಅರ್ಧ ನಿಮಿಷ ಸಾಕು. ಒಂದು ಮೇಜಿನ ಮೇಲೆ ಕೂರುವಂಥದ್ದು. ಇನ್ನೊಂದು ಕೈಯಲ್ಲಿ ಹಿಡಿಯುವಂಥದ್ದು, ಗೋಡೆ ಕೊರೆಯುವ ಡ್ರಿಲ್ಲಿನ ಆಕಾರ. ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಅಂತ ಸುತ್ತುವುದು ನನ್ನ ಪಾಲಿಗೆ ಬಂದಿದೆ.

ನಮ್ಮನ್ನು ಯಾರೂ ಸಂತೋಷದಲ್ಲಿ ಕರೆಯುವುದಿಲ್ಲ. ಮದುವೆಗೆ ಫೋಟೋದವನನ್ನು ಕರೆಯುತ್ತಾರೆ, ಗೃಹಪ್ರವೇಶಕ್ಕೆ ಅಡಿಗೆಯವನನ್ನು ಕರೆಯುತ್ತಾರೆ. ನನ್ನನ್ನು ಕರೆಯುವುದು ಅನುಮಾನ ಬಂದ ಮೇಲೆ. ನಾನು ಹೋಗಿ ಅದನ್ನು ಖಾತ್ರಿ ಮಾಡಿ ಬರುತ್ತೇನೆ. ಈ ಮಿಷನ್ನನ್ನು ಒಂದು ದಿನವೂ ಮನೆಯೊಳಗೆ ತರಕೂಡದು ಅಂತ ನನ್ನ ಹೆಂಡತಿ ಹೇಳಿಬಿಟ್ಟಿದ್ದಾಳೆ. "ಇಷ್ಟು ವರ್ಷ ಹೆಂಗೋ ನಡ್ಕೊಂಡು ಬಂದಿದೆ, ಈಗ ಸುಮ್ನೆ ಯಾಕೆ" ಅಂತಾಳೆ.

ಪಕ್ಕದ ಸೀಟು

ಕೈಮಿಷನ್ನಿನ ಪೆಟ್ಟಿಗೆಯ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ದಾರೆ. ಅದರಲ್ಲಿ ಮೂರು ರೆಕ್ಕೆಯ ಫ್ಯಾನಿನ ಹಾಗಿರುವ ಕಪ್ಪು ಚಿತ್ರ, ಕೆಳಗೆ ಎಚ್ಚರಿಕೆ ಅಂತ ದಪ್ಪಕ್ಷರ. ಮಿಷನ್ನು ಆಫ್ ಆಗಿದ್ದರೆ ಅದರಿಂದ ಏನೂ ಬರುವುದಿಲ್ಲ. ಟಾರ್ಚು ಆರಿಸಿದರೆ ಬೆಳಕು ಬರುತ್ತದೆಯೇ, ಹಾಗೆ. ಆದರೆ ಚೀಟಿ ಓದಿದವರಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?

ಒಂದು ಸೋಮವಾರ ಬೆಳಿಗ್ಗೆ ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸು ಹತ್ತಿದೆ. ಮೂರು ಜನ ಕೂರುವ ಸೀಟಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಟಿಕೆಟ್ ಕೊಡಲು ಬಂದ ಕಂಡಕ್ಟರು ಚೀಟಿ ನೋಡಿ, "ಏನ್ ಸಾ ಪೆಟ್ಗೇಲಿ?" ಅಂದ.

"ಎಕ್ಸ್‌ರೇ ಬಿಡೋ ಮಿಷನ್ನು. ಈಗ ಆಫ್ ಆಗಿದೆ" ಅಂದೆ.

ಎಕ್ಸ್‌ರೇ ಅನ್ನುವುದು ಬಸ್ಸಿನ ಹಿಂದಿನ ಸೀಟಿನವರೆಗೂ ಕೇಳಿಸಿತು. ಆಫ್ ಆಗಿದೆ ಅನ್ನುವುದು ಯಾರಿಗೂ ಕೇಳಿಸಲಿಲ್ಲ. ನನ್ನ ಪಕ್ಕ ಕೂತಿದ್ದ ಗಂಡ ಹೆಂಡತಿ ಒಂದೂ ಮಾತಾಡದೆ ಎದ್ದು ಹೋಗಿ ನಿಂತುಕೊಂಡರು. ಬಸ್ಸು ಬಾಗಿಲವರೆಗೂ ತುಂಬಿತ್ತು. ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನನ್ನ ಪಕ್ಕದ ಎರಡು ಸೀಟು ಮಾತ್ರ ಖಾಲಿ. ಎಲ್ಲರೂ ಅದನ್ನು ನೋಡುತ್ತಾರೆ, ಆಮೇಲೆ ಪೆಟ್ಟಿಗೆ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಮುಖ ಎಲ್ಲಿಡಬೇಕೋ ತಿಳಿಯದೆ ಕಿಟಕಿಯ ಆಚೆ ನೋಡುತ್ತಾ ಕೂತೆ.

ಶಾಂತಿಗ್ರಾಮದಲ್ಲಿ ಒಬ್ಬ ಹೆಂಗಸು ಹತ್ತಿದರು. ಅರವತ್ತರ ಮೇಲಿನ ವಯಸ್ಸು. ತಲೆಯ ಮೇಲೆ ಸೆರಗು, ಕೊರಳಿಗೆ ಒಂದು ಬಿಳಿ ಬಟ್ಟೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಸ್ಪತ್ರೆಯ ಫೈಲು. ಖಾಲಿ ಸೀಟು ಕಂಡು ನೇರವಾಗಿ ಬಂದರು.

ಕಂಡಕ್ಟರು ಹಿಂದಿನಿಂದ ಕೂಗಿದ. "ಅಮ್ಮೋ, ಅಲ್ಲಿ ಬ್ಯಾಡ. ಅವ್ರ ಪೆಟ್ಗೇಲಿ ಎಕ್ಸ್‌ರೇ ಮಿಷನ್ ಐತಂತೆ."

ಆಕೆ ಕೂತೇ ಬಿಟ್ಟರು. ಸೆರಗು ಸರಿಮಾಡಿಕೊಂಡು, "ಎಷ್ಟೊತ್ತು ಬುಡ್ತದೆ ಇದು?" ಅಂತ ನನ್ನನ್ನು ಕೇಳಿದರು.

"ಇಲ್ಲಿ ಬಿಡಲ್ಲಮ್ಮ. ಆಫ್ ಮಾಡಿದೀನಿ. ಹೆದರ್ಕೋಬೇಡಿ."

"ಬುಟ್ರೂ ಬುಡ್ಲಿ" ಅಂದರು. ಗಂಟಲು ಒಡೆದ ಹಾಗಿತ್ತು, ಮಾತು ಅರ್ಧ ಗಾಳಿಯಾಗಿ ಬರುತ್ತಿತ್ತು. "ಗಂಟ್ಲಿಗೆ ಮೂವತ್ತು ಸಲ ಕರೆಂಟ್ ಇಡ್ಬೇಕು ಅಂದವ್ರೆ ಡಾಕ್ಟ್ರು. ಇಪ್ಪತ್ತೈದು ಆಗೈತೆ. ಇನ್ನೈದು ಬಾಕಿ. ಈಗ ಅದಕ್ಕೇ ಓಗ್ತಿವ್ನಿ. ಅಲ್ಲಿರೋ ಮಿಷನ್ನು ನಮ್ಮ ಕೊಟ್ಟಿಗೆ ಅಷ್ಟು ದೊಡ್ಡದೈತೆ. ಇದು ಅದ್ರ ಮಗು ಇರ್ಬೇಕು ಬುಡು."

ಕರೆಂಟ್ ಅಂದರೆ ಕ್ಯಾನ್ಸರಿಗೆ ಕೊಡುವ ಕಿರಣದ ಚಿಕಿತ್ಸೆ. ಹುಷಾರಾಗುತ್ತದೆ ಅಂದೆ. ಆಕೆ ಹೂಂ ಅಂದರು. ಕಾಲು ನೀಡಿಕೊಂಡು, ಫೈಲನ್ನು ಖಾಲಿ ಸೀಟಿನ ಮೇಲೆ ಇಟ್ಟುಕೊಂಡು, ಹಾಸನದವರೆಗೂ ನಿದ್ದೆ ಮಾಡಿದರು. ಎರಡು ಸಲ ತಲೆ ನನ್ನ ಪೆಟ್ಟಿಗೆಯ ಮೇಲೆ ಒರಗಿತು. ನಾನು ಅಲ್ಲಾಡಲಿಲ್ಲ.

ಹಾಸನ ಬಂತು. ಇಳಿಯುವ ಮೊದಲು ಆಕೆ ತಿರುಗಿ ಕೇಳಿದರು. "ನಾಳೀಕೂ ಇದೇ ಬಸ್ಸಿಗೆ ಬತ್ತೀಯಾ ಮಗ?"

"ಯಾಕಮ್ಮ?"

"ಇಷ್ಟು ದಿನದಲ್ಲಿ ಇವತ್ತೇ ಕಣಪ್ಪ, ನಂಗೆ ಕೂರಾಕೆ ಜಾಗ ಸಿಕ್ಕಿದ್ದು."

ಅವ್ವನ ಸರ

ಹಳ್ಳಿಮೈಸೂರಿನ ಕಡೆಯವರು. ಇಬ್ಬರು ಅಣ್ಣತಮ್ಮಂದಿರು, ಒಬ್ಬ ತಂಗಿ. ಗಂಡಸರಿಬ್ಬರ ತಲೆ ಬೋಳಿಸಿತ್ತು, ಹಾಗಾಗಿ ಯಾರೋ ಹೋಗಿದ್ದಾರೆ ಅಂತ ಗೊತ್ತಾಯಿತು. ಮೂವರೂ ಲ್ಯಾಬಿನೊಳಗೆ ಬಂದ ರೀತಿಯೇ ವಿಚಿತ್ರವಾಗಿತ್ತು. ಅಣ್ಣನ ಕೈಯಲ್ಲಿ ಗಂಟು ಹಾಕಿದ ಕರ್ಚೀಫು, ಅದರ ಇನ್ನೊಂದು ತುದಿ ತಮ್ಮನ ಕೈಯಲ್ಲಿ. ತಂಗಿ ಹಿಂದೆಯೇ, ಕರ್ಚೀಫಿನ ಮೇಲಿಂದ ಕಣ್ಣು ತೆಗೆಯದೆ. ಊರಿಂದ ಹಾಸನದವರೆಗೂ ಹಾಗೇ ಬಂದಿದ್ದರಂತೆ.

ಗಂಟು ಬಿಚ್ಚಿದರು. ಎರಡೆಳೆಯ ಸರ. ತೀರಿಹೋದ ತಾಯಿಯದು. ಸಾಯುವ ದಿನದವರೆಗೂ ಕೊರಳಿಂದ ತೆಗೆದವಳಲ್ಲವಂತೆ.

"ಇದ್ರಲ್ಲಿ ಏನೇನೈತೆ ನೋಡ್ಬುಡಿ ಸಾ" ಅಂದ ಅಣ್ಣ. "ಆಮ್ಯಾಕೆ ಯಾರ್ಗೆ ಸೇರ್ಬೇಕು ಅಂತ ಮಾತಾಡ್ತೀವಿ."

"ಮಾತಾಡಾದೇನೈತೆ" ಅಂದ ತಮ್ಮ. "ಅವ್ವ ಇದ್ದದ್ದು ನನ್ನ ಮನೇಲಿ. ಕಾಯ್ಲೇಲಿ ನೋಡ್ಕಂಡದ್ದು ನನ್ನ ಎಂಡ್ತಿ."

"ಮೊದ್ಲು ಮಣ್ಣಾಕ್ದೋನು ನಾನು. ದೊಡ್ ಮಗ. ನಂಗೆ ಸೇರ್ಬೇಕು" ಅಂದ ಅಣ್ಣ.

ತಂಗಿ ಅಳುತ್ತಲೇ ಹೇಳಿದಳು. "ಅವ್ವನ ಒಡವೆ ಎಣ್ಮಕ್ಳಿಗೆ. ಲೋಕದಲ್ಲೆಲ್ಲ ಅಂಗೇ ನಡ್ದಿರಾದು."

ನಾನು ಸರವನ್ನು ಮಿಷನ್ನಿನೊಳಗೆ ಇಟ್ಟು ಮುಚ್ಚಳ ಹಾಕಿದೆ. ಮೂವರೂ ಬಾಯಿ ಮುಚ್ಚಿ ಪರದೆಯ ಹತ್ತಿರ ಬಗ್ಗಿದರು. ಮೊದಲ ಸಲ ಚಿನ್ನ ಸ್ವಲ್ಪ ತೋರಿಸಿತು, ತಾಮ್ರ ಬಹಳ ತೋರಿಸಿತು. ಮೇಲೆ ತೆಳ್ಳಗೆ ಚಿನ್ನದ ನೀರು ಕುಡಿಸಿದ್ದರೆ ಹಾಗೆ ಬರುತ್ತದೆ. ಅವರ ಒಪ್ಪಿಗೆ ಕೇಳಿ, ಕೊಂಡಿಯ ಹತ್ತಿರ ಅರದಿಂದ ಒಂದಿಷ್ಟು ಉಜ್ಜಿ ಮತ್ತೆ ಇಟ್ಟೆ. ತಾಮ್ರ, ಸತು. ಚಿನ್ನ ಇಲ್ಲ.

ಹೇಳುವುದು ನನ್ನ ಕೆಲಸ, ಹೇಳಿದೆ. ಆ ಹೆಂಗಸು ನಿಜವಾದ ಸರವನ್ನು ಯಾವಾಗ ಮಾರಿದಳು, ಯಾಕೆ ಮಾರಿದಳು, ಇದನ್ನು ಯಾವಾಗ ಹಾಕಿಕೊಂಡಳು, ಮೂವರಿಗೂ ಗೊತ್ತಿರಲಿಲ್ಲ. ಇಲ್ಲವೇ ಮೂವರಿಗೂ ಗೊತ್ತಿದ್ದು ಬಾಯಿ ಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ ಅನ್ನುವುದು ಮಾತ್ರ ನಾನು ಕಂಡದ್ದು.

ಸರವನ್ನು ಮೇಜಿನ ಮೇಲೆ ಇಟ್ಟೆ. ಯಾರೂ ಕೈ ಚಾಚಲಿಲ್ಲ.

ತಂಗಿ ಕಣ್ಣೊರೆಸಿಕೊಂಡು ಶುರು ಮಾಡಿದಳು. "ಅಣ್ಣ, ದೊಡ್ ಮಗ ನೀನು. ಮೊದ್ಲು ಮಣ್ಣಾಕ್ದೋನು. ನೀನೇ ಮಡಿಕ್ಕೊ."

"ಅದೆಂಗಾಯ್ತದೆ?" ಅಂದ ಅಣ್ಣ. ತಮ್ಮನ ಕಡೆ ತಿರುಗಿ, "ಅವ್ವ ಇದ್ದದ್ದು ನಿನ್ ಮನೇಲಿ ಕಣ್ಲಾ. ಕಾಯ್ಲೇಲಿ ನೋಡ್ಕಂಡದ್ದು ನೀವು. ನ್ಯಾಯವಾಗಿ ನಿಂಗೇ ಸೇರ್ಬೇಕು."

"ನಾನೆಂಗ್ ತಗಳ್ಳಿ?" ಅಂದ ತಮ್ಮ. "ಅವ್ವನ ಒಡವೆ ಎಣ್ಮಕ್ಳಿಗೆ. ಲೋಕದಲ್ಲೆಲ್ಲ ಅಂಗೇ ಅಲ್ವಾ?"

ಅದೇ ಮೂರು ಮಾತು, ಬಾಯಿ ಮಾತ್ರ ಅದಲು ಬದಲು. ಕಾಲು ಗಂಟೆ ನಡೆಯಿತು. ಕೊನೆಗೆ ನಾನು ರಿಪೋರ್ಟಿನ ಹಾಳೆ ತೆಗೆದುಕೊಂಡು, ಮಾಲೀಕರು ಅಂತ ಇರುವ ಕಡೆ ಯಾರ ಹೆಸರು ಬರೆಯಲಿ ಅಂತ ಕೇಳಿದೆ.

ಅಣ್ಣ ಹೇಳಿದ. "ಅವ್ವನ ಎಸ್ರಿಗೇ ಬರ್ದ್ಬುಡಿ ಸಾ."

ಟೈಟೇನಿಯಂ

ಹಾಸನದಲ್ಲಿ ಒಂದು ದೊಡ್ಡ ಗುಜರಿ ಅಂಗಡಿಗೆ ವಾರಕ್ಕೊಂದು ಸಲ ಹೋಗುತ್ತೇನೆ. ಒಡೆದ ಪಂಪು, ಹಳೆಯ ಪೈಪು, ಕಾರ್ಖಾನೆಯ ತುಂಡುಗಳು ರಾಶಿ ಬಿದ್ದಿರುತ್ತವೆ. ಯಾವುದು ಯಾವ ಲೋಹ ಅಂತ ಕೈಮಿಷನ್ನು ಒತ್ತಿ ಹೇಳುತ್ತಾ ಹೋಗಬೇಕು.

ಅಲ್ಲಿಗೆ ಅರಕಲಗೂಡು ಕಡೆಯ ಒಬ್ಬ ಮನುಷ್ಯ ಬಂದ. ಐವತ್ತು ವರ್ಷ ಇರಬಹುದು, ಗಟ್ಟಿ ಆಳು, ನೆಟ್ಟಗೆ ನಡೆದು ಬಂದ. ಕಂಕುಳಿಂದ ಒಂದು ಕವರು ತೆಗೆದು, ಅದರೊಳಗಿಂದ ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದದ ರಾಡು ತೆಗೆದು, ದೇವರ ಪ್ರಸಾದ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದ.

ಟ್ರ್ಯಾಕ್ಟರಿನಿಂದ ಬಿದ್ದು ತೊಡೆ ಮುರಿದಿತ್ತಂತೆ. ದೂರದ ಊರಿನ ಆಸ್ಪತ್ರೆಯಲ್ಲಿ ಈ ರಾಡು ಹಾಕಿದ್ದರಂತೆ. ಮೂರು ವರ್ಷ ಕಾಲೊಳಗಿತ್ತು. ಮೂಳೆ ಕೂಡಿಕೊಂಡಿತು ಅಂತ ಹೋದ ತಿಂಗಳು ತೆಗೆದು ಕೈಗೆ ಕೊಟ್ಟಿದ್ದಾರೆ.

"ಟೈಟೇನಿಯಂ ಸಾ" ಅಂದ. "ಏರೋಪ್ಲೇನ್‌ಗೆ ಆಕೋ ಲೋಹ. ಊರಲ್ಲಿ ನಂಗೆ ಟೈಟೇನಿಯಂ ಅಂತ್ಲೇ ಎಸ್ರು. ಮಾರಾಕಲ್ಲ, ಶೋಕೇಸ್‌ನಾಗೆ ಮಡಗ್ಬೇಕು. ಅದ್ರ ಪಕ್ಕ ಒಂದು ಕಾಗ್ದ ಇರ್ಲಿ, ನಿಮ್ಮ ಕೈಲಿ ಬರ್ಸ್ಕಂಡದ್ದು."

ಅಷ್ಟು ಆಸೆಯಿಂದ ಹೇಳಿ ರಾಡನ್ನು ನನ್ನ ಕೈಗೆ ಕೊಟ್ಟ. ಭಾರ ನೋಡಿದಾಗಲೇ ಗೊತ್ತಾಯಿತು. ಟೈಟೇನಿಯಂ ಅಷ್ಟು ಭಾರ ಇರುವುದಿಲ್ಲ. ಆದರೂ ಮಿಷನ್ನು ಒತ್ತಿದೆ. ಕಬ್ಬಿಣ, ಕ್ರೋಮಿಯಂ, ನಿಕ್ಕಲ್.

"ಇದು ಒಳ್ಳೇ ಸ್ಟೀಲು" ಅಂದೆ. "ಆಸ್ಪತ್ರೇಲಿ ಇದನ್ನೂ ಹಾಕ್ತಾರೆ. ಮೈಗೆ ಏನೂ ತೊಂದ್ರೆ ಇಲ್ಲ."

"ಟೈಟೇನಿಯಂ ಎಷ್ಟೈತೆ?"

"ಇಲ್ಲ."

"ಒಂಚೂರೂ?"

ಇನ್ನೊಂದು ಕಡೆ ಒತ್ತಿದೆ. ಮತ್ತೊಂದು ಕಡೆ ಒತ್ತಿದೆ. ಇರಲಿಲ್ಲ.

ಗುಜರಿಯವನು ಒಳ್ಳೆಯವನೇ, ಸಮಾಧಾನ ಹೇಳೋಣ ಅಂತ ಬಾಯಿ ಹಾಕಿದ. "ಬೇಜಾರ್ ಮಾಡ್ಕೋಬ್ಯಾಡ ಅಣ್ಣ. ನಮ್ ಮನೇಲಿ ತಟ್ಟೆ ಲೋಟ ಎಲ್ಲ ಸ್ಟೀಲೇ. ವರ್ಷಾನುಗಟ್ಲೆ ಬತ್ತದೆ."

ಆ ಮನುಷ್ಯ ಅಲ್ಲೇ ಇದ್ದ ಒಂದು ಡ್ರಮ್ಮಿನ ಮೇಲೆ ಕೂತುಬಿಟ್ಟ. "ಮೂರು ವರ್ಸ ಸಾ" ಅಂದ. "ಹೊಲದ ಬದುವಿನ ಜಗಳ ಆಗ್ಲಿ, ನೀರಿನ ಜಗಳ ಆಗ್ಲಿ, ಈ ಕಾಲು ಮುಂದಿಕ್ಕಿ ಟೈಟೇನಿಯಂ ಕಣ್ಲಾ, ಒದ್ರೆ ಎದ್ದೇಳಲ್ಲ ಅಂತಿದ್ದೆ. ಎಲ್ರೂ ಇಂದ್ಕೆ ಸರೀತಿದ್ರು."

"ಕಾಲು ಗುಣ ಆಯ್ತಲ್ಲ, ಅದೇ ಮುಖ್ಯ" ಅಂದೆ.

"ಅದೂ ಈಗ ಅನುಮಾನ ಸಾ" ಅಂದ. ರಾಡನ್ನು ಕವರಿನೊಳಗೆ ಹಾಕಿಕೊಂಡು ಎದ್ದ.

ಬರುವಾಗ ನೆಟ್ಟಗೆ ಬಂದವನು ಗೇಟಿನವರೆಗೂ ಕುಂಟುತ್ತಾ ಹೋದ. ರಾಡು ಅವನ ಕೈಯಲ್ಲಿತ್ತು.

ಬೆಳ್ಳಗಿರುವ ನೀರು

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಡೈರಿಗೆ ಹಾಲು ಪರೀಕ್ಷೆಯ ಹೊಸ ಮಿಷನ್ನು ಕೂರಿಸಲು ಹೋಗಿದ್ದೆ. ಇದರಲ್ಲಿ ಎಕ್ಸ್‌ರೇ ಇಲ್ಲ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಹಾಲಿನೊಳಗೆ ಹಾಯಿಸಿ, ಕೊಬ್ಬು ಎಷ್ಟು, ನೀರು ಬೆರೆತಿದೆಯೇ ಅಂತ ಹೇಳುತ್ತದೆ.

ಆ ಊರಿನಲ್ಲಿ ಒಬ್ಬರು ಹಿರಿಯರು. ಎಲ್ಲರೂ ದೊಡ್ಡಯ್ಯ ಅನ್ನುತ್ತಿದ್ದರು. ಡೈರಿ ಶುರು ಮಾಡಿಸಿದವರಲ್ಲಿ ಅವರೂ ಒಬ್ಬರು. ಸಾಲಿನಲ್ಲಿ ನಿಂತವರ ಕ್ಯಾನಿನೊಳಗೆ ಇಣುಕಿ, "ಇದೇನ್ಲಾ, ಅಸ ಕೆರೆ ಒಳಗೆ ನಿಂತು ಕರೀತಾ?" ಅಂತ ಬೈಯುವ ಹಕ್ಕು ಅವರೊಬ್ಬರಿಗೇ ಇತ್ತು. ಹೊಸ ಮಿಷನ್ನಿಗೆ ಹೂ ಹಾಕಿ, ಕಾಯಿ ಒಡೆದು, ಮರ್ಯಾದೆಗೆ ಮೊದಲು ಅವರ ಹಾಲನ್ನೇ ಇಟ್ಟರು.

ನೀರು ಸೇರಿದೆ ಅಂತ ಬಂತು.

ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು. ನಕ್ಕಿದ್ದರೆ ಅವರು ಬೈದು ಸರಿಮಾಡಿಕೊಳ್ಳುತ್ತಿದ್ದರು. "ಮಿಷನ್ ಕೆಟ್ಟೈತೆ" ಅಂದರು ಮೆಲ್ಲಗೆ. ಗೊತ್ತಿರುವ ಹಾಲಿಟ್ಟು ನೋಡಿದೆ, ಮಿಷನ್ನು ಸರಿಯಾಗಿತ್ತು. ಉಳಿದವರ ಹಾಲು ನೋಡಿದೆವು, ಎಲ್ಲ ಚೊಕ್ಕಟ. ಮಿಷನ್ನು ಬರುವ ದಿನ ಯಾವುದು ಅಂತ ಊರಿಗೆಲ್ಲ ಮೊದಲೇ ಗೊತ್ತಿತ್ತಲ್ಲ. ದೊಡ್ಡಯ್ಯನಿಗೂ ಗೊತ್ತಿತ್ತು. ಅವರು ಮುಚ್ಚಿಡುವುದು ಏನೂ ಇಲ್ಲ ಅಂತ ದಿನದಂತೆಯೇ ತಂದಿದ್ದರು.

ಮಾರನೆಯ ದಿನ ಬೆಳಿಗ್ಗೆ ಡೈರಿಯ ಕಾರ್ಯದರ್ಶಿಯೂ ನಾನೂ ಅವರ ಕೊಟ್ಟಿಗೆಗೆ ಹೋದೆವು. ನಮ್ಮೆದುರೇ ಹಸು ಕರೆದರು. ಬಕೆಟ್ಟಿನಿಂದಲೇ ಒಂದಿಷ್ಟು ಹಾಲು ಶೀಸೆಗೆ ತೆಗೆದುಕೊಂಡೆ. ಅವರು ಉಳಿದದ್ದನ್ನು ಕ್ಯಾನಿಗೆ ಸುರಿದರು. ಆಮೇಲೆ ಒಂದು ಚೊಂಬು ನೀರನ್ನು ಬಕೆಟ್ಟಿಗೆ ಹಾಕಿ, ಸುತ್ತಲೂ ಚೆನ್ನಾಗಿ ಅಲ್ಲಾಡಿಸಿ, ನಮ್ಮಿಬ್ಬರ ಕಣ್ಣೆದುರೇ, ಒಂದು ಚೂರೂ ಅಳುಕಿಲ್ಲದೆ, ಅದನ್ನೂ ಕ್ಯಾನಿಗೆ ಸುರಿದರು.

ಕಾರ್ಯದರ್ಶಿ ಕೇಳಿದ. "ದೊಡ್ಡಯ್ಯ, ಅದೇನು ಮಾಡಿದ್ದು?"

"ಬಕೀಟು ತೊಳ್ದೆ ಕಣಪ್ಪ."

"ತೊಳೆದ ನೀರನ್ನ ಕ್ಯಾನಿಗೆ ಹಾಕಿದ್ರಲ್ಲ."

"ನೀರೆಲ್ಲೈತೆ ಅದ್ರಲ್ಲಿ? ಬೆಳ್ಳಗಿಲ್ವಾ?"

ನಿಜವಾಗಿಯೂ ಅವರಿಗೆ ಅದು ಹಾಲೇ ಆಗಿತ್ತು. ಕಾರ್ಯದರ್ಶಿ ಬಿಡಿಸಿ ಹೇಳಿದ. ಹೇಳುತ್ತಾ ಹೋದ ಹಾಗೆ ಆ ಮುಖದಲ್ಲಿ ಆದದ್ದನ್ನು ನಾನು ನೋಡಬಾರದಿತ್ತು. ಅವತ್ತಿನಿಂದ ಅವರು ಡೈರಿಯ ಕಡೆ ಬರುವುದು ಬಿಟ್ಟರು. ಕ್ಯಾನನ್ನು ಸೊಸೆ ತರುತ್ತಿದ್ದಳು.

ತಿಂಗಳ ಮೇಲೆ ಮಿಷನ್ನು ನೋಡಲು ಮತ್ತೆ ಆ ಊರಿಗೆ ಹೋದೆ. ದೊಡ್ಡಯ್ಯ ಜಗಲಿಯ ಮೇಲೆ ಕೂತಿದ್ದರು. ಮುಖ ತಿರುಗಿಸುತ್ತಾರೆ ಅಂದುಕೊಂಡರೆ ಕೈಸನ್ನೆ ಮಾಡಿ ಕರೆದರು. ಕೈಯಲ್ಲಿ ಒಂದು ಲೋಟ ಇತ್ತು.

"ಊರಿಗೆಲ್ಲ ನೀರು ಬೆರೆಸ್ಬ್ಯಾಡಿ ಅಂತ ಬೈಕಂಡು ಬಂದೋನು ನಾನು" ಅಂದರು. "ಈಗ ಯಾರ್ಗೂ ಬೈಯಂಗಿಲ್ಲ. ಬೆಳಿಗ್ಗೆ ಒತ್ತು ಓಗಾದೇ ಇಲ್ಲ."

"ಆ ಬಕೆಟ್ ತೊಳೆದ ನೀರು ಈಗ ಏನ್ ಮಾಡ್ತೀರಿ ದೊಡ್ಡಯ್ಯ?" ಅಂತ ಕೇಳಿದೆ.

ಲೋಟ ಎತ್ತಿ ತೋರಿಸಿದರು. "ನಾನೇ ಕುಡೀತಿವ್ನಿ. ಡಾಕ್ಟ್ರು ನಂಗೆ ಆಲು ಕುಡೀಬ್ಯಾಡ ಅಂದವ್ರೆ. ಇದು ಆಲಲ್ಲ ಅಂತ ನಿಮ್ ಮಿಷನ್ನೇ ಏಳೈತಲ್ಲ."

ಹಲ್ಲು

ಹೊಳೆನರಸೀಪುರದಿಂದ ಒಂದು ದಿನ ಬೆಳಿಗ್ಗೆ ಫೋನು ಬಂತು. ಹೊಳೆದಂಡೆಯ ಸ್ಮಶಾನಕ್ಕೆ ಮಿಷನ್ನು ತೆಗೆದುಕೊಂಡು ಬರಬೇಕಂತೆ. ನಾನು ಎರಡು ಸಲ ಕೇಳಿದೆ. ಸ್ಮಶಾನಕ್ಕೇ.

ತೀರಿಹೋದವರು ಸುತ್ತಮುತ್ತಲಿಗೆಲ್ಲ ಹೆಸರಾದ ಮದುವೆ ದಲ್ಲಾಳಿ. ಮೂರನೆಯ ದಿನ, ಬೂದಿಯಿಂದ ಮೂಳೆ ಆಯ್ದು ಹೊಳೆಗೆ ಬಿಡಬೇಕು. ಅಲ್ಲಿ ಜಗಳ ಹತ್ತಿಕೊಂಡಿತ್ತು. ಆ ಮನುಷ್ಯನಿಗೆ ಮುಂದಿನ ಸಾಲಿನಲ್ಲಿ ಒಂದು ಚಿನ್ನದ ಹಲ್ಲಿತ್ತು. ಅವರು ನಕ್ಕರೆ ಅದು ಹೊಳೆಯುತ್ತಿತ್ತು. ಅದನ್ನು ಕಂಡೇ ಎಷ್ಟೋ ಜನ ನಂಬಿ ಹೆಣ್ಣು ಕೊಟ್ಟಿದ್ದಾರೆ ಅಂತ ಊರಲ್ಲಿ ಹೇಳುತ್ತಿದ್ದರಂತೆ. ಬೂದಿಯಲ್ಲಿ ಆ ಹಲ್ಲು ಸಿಗಲಿಲ್ಲ. ಬದಲಿಗೆ ಕಪ್ಪಗಾದ, ಅರ್ಧ ಕರಗಿದ ಒಂದು ಲೋಹದ ಗುಳಿಗೆ ಸಿಕ್ಕಿತ್ತು.

ತೀರಿಹೋದವರ ತಮ್ಮ ಸುಡುಗಾಡು ನೋಡಿಕೊಳ್ಳುವ ಮುದುಕನ ತೋಳು ಹಿಡಿದು ನಿಲ್ಲಿಸಿಕೊಂಡಿದ್ದ. "ಚಿನ್ನ ತಗಂಡು ಈ ಕಸ ಆಕವ್ನೆ. ಕೆಲ್ಸದಿಂದ ತೆಗೆಸ್ತೀನಿ. ಸ್ಟೇಷನ್‌ಗೂ ಕಳಿಸ್ತೀನಿ" ಅನ್ನುತ್ತಿದ್ದ.

ಮುದುಕ ನನ್ನನ್ನು ನೋಡಿ ಕೈಮುಗಿದ. "ಇಲ್ಲಿ ಅದೆಷ್ಟು ಎಣ ಸುಟ್ಟಿವ್ನೋ ಲೆಕ್ಕ ಇಲ್ಲ ಸಾ. ಸತ್ತೋರ ಮೈಮೇಲಿನ ಒಂದು ಗುಂಡೀನೂ ಮುಟ್ಟಿಲ್ಲ" ಅಂದ.

ಸ್ವಲ್ಪ ದೂರದಲ್ಲಿ ಒಂದು ಕಲ್ಲಿನ ಮೇಲೆ ತೀರಿಹೋದವರ ಹೆಂಡತಿ ಕೂತಿದ್ದರು. ಸಣ್ಣ ಜೀವ, ಅತ್ತು ಕಣ್ಣು ಬಾತಿತ್ತು. ಅವರು ಯಾರ ಕಡೆಯೂ ಮಾತಾಡಿರಲಿಲ್ಲ.

ಗುಳಿಗೆಯನ್ನು ಹೊಳೆಯ ನೀರಲ್ಲಿ ತೊಳೆದು, ಒಂದು ಚಪ್ಪಡಿಯ ಮೇಲಿಟ್ಟು ಮಿಷನ್ನು ಒತ್ತಿದೆ. ತಾಮ್ರವೇ ಬಹುಪಾಲು. ಸ್ವಲ್ಪ ನಿಕ್ಕಲ್, ಸ್ವಲ್ಪ ಸತು. ಚಿನ್ನ ಇಲ್ಲ.

"ನೋಡುದ್ರಾ" ಅಂದ ತಮ್ಮ. "ನಾನೇಳಿದ್ದೇ ನಿಜ. ಚಿನ್ನ ಎತ್ತಾಕ್ಕಂಡು ತಾಮ್ರ ಬಿಸಾಕವ್ನೆ."

ನಾನು ಸುಳ್ಳು ಹೇಳಿರಲಿಲ್ಲ, ಆದರೆ ನಾನು ಹೇಳಿದ ನಿಜದಿಂದ ಒಬ್ಬ ನಿರಪರಾಧಿ ಸಿಕ್ಕಿಹಾಕಿಕೊಳ್ಳುತ್ತಿದ್ದ. ಅವನು ಕದ್ದಿಲ್ಲ ಅಂತ ತೋರಿಸಲು ನನ್ನ ಮಿಷನ್ನಿಗೆ ಬರುವುದಿಲ್ಲ.

ಆಗ ಆ ಹೆಂಗಸು ಎದ್ದು ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ, ಒಂದು ಸಣ್ಣ ಕುಂಕುಮದ ಡಬ್ಬಿ ತೆಗೆದರು. ಅದರೊಳಗೆ ಇನ್ನೊಂದು ಹಲ್ಲಿನ ಕವಚ ಇತ್ತು, ಹಳದಿಯಾಗಿ ಹೊಳೆಯುತ್ತಾ.

"ಅವ್ರಿಗೆ ಎರಡಿದ್ವು" ಅಂದರು. "ಒಂದು ಓದ್ವರ್ಸ ಮುದ್ದೆ ಉಣ್ಣುವಾಗ ಕಳಚ್ಕಂಡು ಬಂತು. ಮಡಿಕ್ಕೊ, ಮೊಮ್ಮಗಳ ಕಿವಿಗೆ ಓಲೆ ಮಾಡ್ಸಾಣ ಅಂದ್ರು. ಅವತ್ತಿಂದ ದೇವ್ರ ಮನೇಲಿ ಮಡಗಿದ್ದೆ. ಎರ್ಡೂ ಒಂದೇ ದಿನ ಕಟ್ಸಿದ್ದು. ಇದನ್ನ ನೋಡಿ."

ತಮ್ಮನ ಮುಖ ಬೆಳಗಿತು. ಈಗ ನಿಜವಾದ ಚಿನ್ನ ಎಷ್ಟಿತ್ತು ಅಂತ ಗೊತ್ತಾಗುತ್ತದೆ ಅಂತ ಅವನ ಲೆಕ್ಕ.

ಕವಚವನ್ನು ಚಪ್ಪಡಿಯ ಮೇಲಿಟ್ಟೆ. ಮೊದಲು ಮೇಲಿಂದ, ಆಮೇಲೆ ಒಳಮಗ್ಗುಲಿಂದ, ಆಮೇಲೆ ಅಂಚನ್ನು ಸ್ವಲ್ಪ ಉಜ್ಜಿ. ತಾಮ್ರ, ನಿಕ್ಕಲ್, ಸತು. ಹೆಚ್ಚುಕಮ್ಮಿ ಅದೇ ಪಾಲು. ಎರಡು ಸಲದ ಲೆಕ್ಕವನ್ನೂ ಒಂದರ ಪಕ್ಕ ಒಂದು ಇಟ್ಟು ತಮ್ಮನಿಗೆ ತೋರಿಸಿದೆ. "ಬೂದೀಲಿ ಸಿಕ್ಕಿದ್ದೇ ಅವರ ಹಲ್ಲು. ಯಾರೂ ಏನೂ ಬದಲಾಯಿಸಿಲ್ಲ. ಮೊದಲಿಂದಲೂ ಚಿನ್ನ ಅಲ್ಲ" ಅಂದೆ.

ತಮ್ಮ ಮುದುಕನ ತೋಳು ಬಿಟ್ಟ. ಮುದುಕ ಮುಖಕ್ಕೆ ಟವೆಲ್ಲು ಒತ್ತಿಕೊಂಡ. ಅಲ್ಲಿದ್ದ ಹತ್ತು ಹದಿನೈದು ಜನ ಹೊಳೆ ನೋಡುತ್ತಾ ನಿಂತರು. ಯಾರಿಗೂ ಆ ಹೆಂಗಸಿನ ಮುಖ ನೋಡುವ ಧೈರ್ಯ ಇರಲಿಲ್ಲ.

ಅವರು ಮುದುಕನ ಹತ್ತಿರ ಹೋಗಿ, "ತೆಪ್ಪಾಯ್ತು ಕಣಣ್ಣ, ಒಟ್ಟೆಗೆ ಆಕ್ಕೊ" ಅಂದರು. ಆಮೇಲೆ ಚಪ್ಪಡಿಯ ಮೇಲಿಂದ ಆ ಕವಚ ತೆಗೆದು ಮೂಳೆಯ ಮಡಕೆಯೊಳಗೆ ಹಾಕಿದರು. ಗುಳಿಗೆಯನ್ನೂ ಹಾಕಿದರು. ಮಡಕೆಯ ಮೇಲೆ ಬಗ್ಗಿದರು. ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡ ಎದುರಿಗೇ ಇದ್ದಾನೆ ಅನ್ನುವ ಹಾಗೆ ಹೇಳಿದರು.

"ಬಾಯಿ ಬುಟ್ರೆ ಸುಳ್ಳು ಅಂತ ಊರೋರೆಲ್ಲ ನಿಮ್ಮನ್ನ ಆಡ್ಕತಿದ್ರು. ನಾನು ಅವ್ರ ಮ್ಯಾಲೆ ಜಗಳಕ್ಕೆ ಓಗ್ತಿದ್ದೆ. ಬಾಯಿ ಮುಚ್ಕಂಡಿದ್ದಾಗ್ಲೂ ಒಳಗೆ ಸುಳ್ಳೇ ಇತ್ತಲ್ಲ."